ರೋಲರ್ ಸ್ಕೀ

ಹಿಮವಿಲ್ಲದ ತಿಂಗಳುಗಳಲ್ಲಿ ಕ್ರಾಸ್‌ಕಂಟ್ರಿ ಸ್ಕೀ ಪಟುಗಳು ಡಾಂಬರು ರಸ್ತೆಯಲ್ಲಿ ಅಭ್ಯಾಸಕ್ಕೆ ಬಳಸುವ, ಗಾಲಿಗಳುಳ್ಳ ಗಿಡ್ಡ ಸ್ಕೀ. ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಬೇಸಿಗೆಯ ತರಬೇತಿಯಲ್ಲಿ ಇದಕ್ಕೆ ದೊಡ್ಡ ಪಾಲಿದೆ.

ಸ್ಕೇಟಿಂಗ್, ಕ್ಲಾಸಿಕ್ ಎರಡರಲ್ಲಿ ಯಾವ ಶೈಲಿಗೆ ಎಂಬುದು ಆಯ್ಕೆಯ ಮೊದಲ ಪ್ರಶ್ನೆ. ಸ್ಕೇಟಿಂಗ್ ಶೈಲಿಯದಕ್ಕೆ ಸಾಮಾನ್ಯವಾಗಿ 100 ಮಿ.ಮೀ. ವ್ಯಾಸದ ಕಿರಿದಾದ ಗಾಲಿಗಳಿರುತ್ತವೆ. ಕ್ಲಾಸಿಕ್ ಸ್ಕೀಯ ಉದ್ದ ಹೆಚ್ಚು, ಗಾಲಿ ಅಗಲ. ಅದರ ಒಂದು ಗಾಲಿ ಮುಂದಕ್ಕಷ್ಟೇ ಉರುಳುವುದರಿಂದ ಕಾಲು ಒದ್ದಾಗ ಸ್ಕೀ ಹಿಂದೆ ಸರಿಯದು. ಈ ಅನುಕೂಲದಲ್ಲೇ ತೊಡಕೂ ಇದೆ. ಒದೆತ ತಡವಾದರೆ ಹಿಮದಲ್ಲಿ ಸ್ಕೀ ಜಾರಿ ತಪ್ಪನ್ನು ತೋರಿಸಿಕೊಡುತ್ತದೆ. ರಸ್ತೆಯಲ್ಲಿ ಗಾಲಿ ಆಗಲೂ ಹಿಡಿಯುತ್ತದೆ, ತಪ್ಪು ರೂಢಿಯಾಗಿಬಿಡುತ್ತದೆ.

ಗಾಲಿಯ ವೇಗವನ್ನು ಅಂಕಿಯಿಂದ ಗುರುತಿಸುತ್ತಾರೆ. ನಾರ್ವೆಯ ಸ್ವೆನಾರ್ ಕಂಪನಿಯ ಸ್ಕೀಗಳಲ್ಲಿ 1 ವೇಗದ್ದು, 2 ಮಧ್ಯಮ, 3 ನಿಧಾನದ್ದು. ಹೊಸಬರಿಗೆ ವೇಗದ ಗಾಲಿ ಬೇಡವೇ ಬೇಡ: ಹೆಚ್ಚಿನ ಮಾದರಿಗಳಿಗೆ ಬ್ರೇಕ್ ಇಲ್ಲ, ಇಳಿಜಾರಿನಲ್ಲಿ ಹಿಡಿತ ಸಿಗದು. ಗಾಲಿಗಳನ್ನು ಜೋಡಿಸಿರುವ ದಂಡವೂ ಮುಖ್ಯ: ಅಲ್ಯೂಮಿನಿಯಂ ದಂಡಕ್ಕಿಂತ ಫೈಬರ್ ಅಥವಾ ಮರದ ದಂಡ ಒರಟು ರಸ್ತೆಯ ಕಂಪನವನ್ನು ಚೆನ್ನಾಗಿ ತಗ್ಗಿಸುತ್ತದೆ.

ಬೂಟನ್ನು ಸ್ಕೀಗೆ ಬಿಗಿಯುವ ಬೈಂಡಿಂಗ್ ಪಟುವಿನ ಬೂಟಿಗೆ ಹೊಂದಬೇಕು. ಹೆಲ್ಮೆಟ್ ಕಡ್ಡಾಯವೆಂದೇ ಭಾವಿಸಬೇಕು. ಕೈಯಲ್ಲಿ ಹಿಡಿಯುವ ಕೋಲಿನ ತುದಿಗೆ ಕಾರ್ಬೈಡ್ ಮೊನೆ ಬೇಕು; ಮೊಂಡಾದರೆ ಅದು ಡಾಂಬರಿನ ಮೇಲೆ ಜಾರುತ್ತದೆ, ಆಗಾಗ ವಜ್ರದ ಅರದಿಂದ ಹರಿತ ಮಾಡಿಕೊಳ್ಳಬೇಕು.