ಅಂಗನವಾಡಿಯಲ್ಲಿ ಮಕ್ಕಳ ಶಿಸ್ತು: ಕಾರ್ಯಕರ್ತೆ ಮತ್ತು ಸಹಾಯಕಿಯರ ಕ್ರಮ ಭಿನ್ನವಾದಾಗ

1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭಗೊಂಡ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ರಾಜ್ಯದಲ್ಲಿ ಮೊದಲಿಗೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಜಾರಿಗೆ ಬಂದಿತು. ಈ ಯೋಜನೆಯ ಅಂಗನವಾಡಿ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಒಬ್ಬ ಕಾರ್ಯಕರ್ತೆ ಹಾಗೂ ಒಬ್ಬ ಸಹಾಯಕಿ ಇರುತ್ತಾರೆ. 3ರಿಂದ 6 ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ನೀಡುವುದು ಕಾರ್ಯಕರ್ತೆಯ ಹೊಣೆ. ಮಕ್ಕಳನ್ನು ಕರೆತರುವುದು, ಅಡುಗೆ ಮತ್ತು ಶುಚಿತ್ವ ಸಹಾಯಕಿಯ ಕೆಲಸ. ಆದರೆ ಕಾರ್ಯಕರ್ತೆಯು ಮನೆಭೇಟಿಗಾಗಲಿ ಸಭೆಗಾಗಲಿ ತೆರಳಿದಾಗ ಮಕ್ಕಳನ್ನು ನೋಡಿಕೊಳ್ಳುವವರು ಸಹಾಯಕಿಯೇ. ಕಡತದಲ್ಲಿ ಹುದ್ದೆ ಬೇರೆಯಾದರೂ ಮಗುವಿನ ಪಾಲಿಗೆ ಇಬ್ಬರೂ ಟೀಚರೇ.

ಆಟಿಕೆಗಾಗಿ ಪಕ್ಕದ ಮಗುವನ್ನು ತಳ್ಳಿದ ಮಗುವನ್ನು ಒಬ್ಬರು ಹತ್ತಿರ ಕೂರಿಸಿಕೊಂಡು ತಿಳಿಹೇಳುತ್ತಾರೆ. ಮತ್ತೊಬ್ಬರು ಗದರಿಸಿ ಮೂಲೆಯಲ್ಲಿ ಕೂರಿಸುತ್ತಾರೆ. ಒಂದೇ ತಪ್ಪಿಗೆ ಎರಡು ಬಗೆಯ ಉತ್ತರ ದೊರೆತಾಗ, ತಳ್ಳಬಾರದೆಂಬುದನ್ನು ಮಗು ಕಲಿಯುವುದಿಲ್ಲ. ಯಾರಿದ್ದಾಗ ತಳ್ಳಬಹುದೆಂಬುದನ್ನು ಕಲಿಯುತ್ತದೆ. ಕೆಲವು ಮಕ್ಕಳು ಬೆಳಿಗ್ಗೆ ಕೇಂದ್ರಕ್ಕೆ ಬರಲು ಹಟ ಮಾಡುವುದಕ್ಕೆ ಇದೂ ಒಂದು ಕಾರಣವಿರಬಹುದು.

ಸ್ವಭಾವಭೇದ ಸಹಜವಾದುದು. ಒಬ್ಬರು ಮೃದು, ಮತ್ತೊಬ್ಬರು ತುಸು ಬಿಗಿ ಎಂಬುದು ದೂರಿನ ವಿಷಯವಲ್ಲ. ನಾಲ್ಕೈದು ನಿಯಮಗಳಲ್ಲಿ ಇಬ್ಬರೂ ಒಂದೇ ಮಾತನ್ನಾಡಿದರೆ ಸಾಕು. ಮಗುವಿನ ಹಟವನ್ನು ಸಂಭಾಳಿಸಲು ತೊಡಗಿದವರೇ ಅದನ್ನು ಮುಗಿಸುವುದು ಹಾಗೂ ಭಿನ್ನಾಭಿಪ್ರಾಯವನ್ನು ಮಕ್ಕಳು ಮನೆಗೆ ಹೋದ ನಂತರ ಚರ್ಚಿಸುವುದು ಸೂಕ್ತ. ಮಕ್ಕಳೆದುರು ಸಹಾಯಕಿಯನ್ನು ಆಕ್ಷೇಪಿಸಿದಲ್ಲಿ, ಮರುದಿನದಿಂದ ಆಕೆಯ ಮಾತಿಗೆ ಬೆಲೆಯಿರುವುದಿಲ್ಲ.

ಆದರೆ ಹೊಡೆಯುವುದು, ಚಿವುಟುವುದು, ಕತ್ತಲೆ ಕೋಣೆಯಲ್ಲಿ ಕೂಡಿಹಾಕುವುದು ‘ಶಿಸ್ತಿನ ಕ್ರಮ’ ಎನಿಸುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ, 2009ರಲ್ಲಿನ ಶಿಕ್ಷೆಯ ನಿಷೇಧವು ಶಾಲೆಗಳಿಗೆ ಸಂಬಂಧಿಸಿದ್ದೆಂಬ ಕಾರಣಕ್ಕೆ ಅಂಗನವಾಡಿಯಲ್ಲಿ ಇವಕ್ಕೆ ಅವಕಾಶವಿದೆಯೆಂದು ಭಾವಿಸತಕ್ಕದ್ದಲ್ಲ. ತಮ್ಮ ವಶದಲ್ಲಿರುವ ಮಗುವನ್ನು ಅನಗತ್ಯ ನೋವಿಗೆ ಗುರಿಪಡಿಸುವುದು ಬಾಲನ್ಯಾಯ ಕಾಯ್ದೆ, 2015ರ ಕಲಂ 75ರನ್ವಯ ಅಪರಾಧ. ಊಟ ತಡೆಹಿಡಿಯುವುದಂತೂ ಕೂಡದು. 6 ತಿಂಗಳಿಂದ 6 ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯ ಉಚಿತ ಆಹಾರವು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರಡಿ ದೊರೆತ ಹಕ್ಕು, ಒಳ್ಳೆಯ ನಡತೆಗೆ ಕೊಡುವ ಬಹುಮಾನವಲ್ಲ.

ಪೋಷಕರು ಮೊದಲಿಗೆ ಕಾರ್ಯಕರ್ತೆ ಹಾಗೂ ಸಹಾಯಕಿ ಇಬ್ಬರನ್ನೂ ಒಟ್ಟಿಗೆ ಕಂಡು ಮಾತನಾಡುವುದು ಒಳಿತು. ಒಬ್ಬರ ಮೇಲೆ ಮತ್ತೊಬ್ಬರಲ್ಲಿ ದೂರುವುದರಿಂದ ಬಿರುಕು ಹೆಚ್ಚುತ್ತದೆ. ಮನೆಯಲ್ಲಿ ಅಜ್ಜಿಯದೊಂದು, ತಾಯಿಯದೊಂದು ಮಾತಾಗಿದ್ದಲ್ಲಿ ಅದನ್ನೂ ಮರೆಮಾಚದೆ ತಿಳಿಸಬೇಕು. ಪರಿಹಾರ ದೊರೆಯದಿದ್ದಲ್ಲಿ ಬಾಲವಿಕಾಸ ಸಮಿತಿಗೆ, ನಂತರ ವಲಯ ಮೇಲ್ವಿಚಾರಕಿಗೆ, ಅಗತ್ಯವಿದ್ದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಲಿಖಿತ ಮನವಿ ಸಲ್ಲಿಸಬಹುದು. ಮನವಿಯಲ್ಲಿ ಕೇಂದ್ರದ ಹೆಸರು, ದಿನಾಂಕ ಹಾಗೂ ನಡೆದ ಸಂಗತಿಯನ್ನು ಸ್ಪಷ್ಟವಾಗಿ ಬರೆದು, ಸ್ವೀಕೃತಿ ಪಡೆಯುವುದು. ಹಲ್ಲೆಯ ಪ್ರಕರಣಗಳಲ್ಲಿ ಈ ಹಂತಗಳಿಗಾಗಿ ಕಾಯದೆ ಮಕ್ಕಳ ಸಹಾಯವಾಣಿ 1098ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು.