ಹಳೇ ಲಾರಿಗಳ ಊರು

ಗೋವಾದ ಝುವಾರಿನಗರದ ಕನ್ನಡಿಗರಲ್ಲಿ ಶೋರೂಮಿನಿಂದ ಹೊಸ ಲಾರಿ ಇಳಿಸಿದವರು ಯಾರು ಎಂದು ಕೇಳಿದರೆ ನಾನು ಸ್ವಲ್ಪ ಯೋಚಿಸಬೇಕಾಗುತ್ತದೆ. ಹಳೇ ಲಾರಿ ಕೊಂಡವರು ಯಾರು ಎಂದರೆ ಓಣಿ ಹಿಡಿದು ಹೇಳುತ್ತ ಹೋಗಬಲ್ಲೆ. ಕ್ಲೀನರ್ ಆಗಿ ಹತ್ತಿ, ಡ್ರೈವರ್ ಆಗಿ ಕೂತು, ಕೊನೆಗೆ ಕೆಟ್ಟು ನಿಂತ ಗಾಡಿಗಳನ್ನು ಎಳೆಯುವ ಗಾಡಿ ಇಟ್ಟುಕೊಂಡು ಸಂಸಾರ ಸಾಗಿಸಿದವನು ನಾನು. ಇಲ್ಲಿ ಎಳೆಯುವ ಗಾಡಿ ಯಾವತ್ತೂ ಇನ್ನೊಬ್ಬರು ಕೈಬಿಟ್ಟ ಲಾರಿಯಿಂದಲೇ ಹುಟ್ಟಿತು. ಮೊದಲು ದಂಡಿನವರು ಕೈಬಿಟ್ಟದ್ದು, ಆಮೇಲೆ ಗಣಿಯವರು ಕೈಬಿಟ್ಟದ್ದು.

ಊರಿಗೆ ಹೆಸರು ಬಂದದ್ದೇ ಕಾರ್ಖಾನೆಯಿಂದ. ಮುರ್ಗಾಂವ್ ತಾಲ್ಲೂಕಿನ ಸಾಂಕ್ವಾಳದ ಗುಡ್ಡದ ಮೇಲೆ ಬಿರ್ಲಾ ಮನೆತನದ ಝುವಾರಿ ಆಗ್ರೋ ಕೆಮಿಕಲ್ಸ್ 1973ರಲ್ಲಿ ಗೊಬ್ಬರ ತಯಾರಿಸಲು ಶುರುಮಾಡಿತು. ನಮ್ಮವರ ಬಾಯಲ್ಲಿ ಈ ಊರು ಇವತ್ತಿಗೂ 'ಬಿರ್ಲಾ'. ಕಾರ್ಖಾನೆ ಶುರುವಾಗುವ ಹಿಂದಿನ ವರ್ಷ ಉತ್ತರ ಕರ್ನಾಟಕಕ್ಕೆ ಬಡಿದದ್ದೇ ಎಪ್ಪತ್ತೆರಡರ ಬರ. ರೋಣ ತಾಲ್ಲೂಕಿನ ಎರೆ ಹೊಲ ಬಿಟ್ಟು ನಮ್ಮಪ್ಪ ಬಂದದ್ದು ಆ ಬರದಲ್ಲಿ, ಕಾರ್ಖಾನೆ ಕಟ್ಟುವ ಕೂಲಿಗೆ. ವಿಜಾಪುರ, ಬಾಗಲಕೋಟೆ, ಕೊಪ್ಪಳ, ಹಾವೇರಿ ಕಡೆಯವರೂ ಹೀಗೇ ಬಂದರು. ಕಟ್ಟಡ ಮುಗಿಯಿತು, ಜನ ಉಳಿದರು. ಗೊಬ್ಬರದ ಚೀಲ ಹೊರುವ ಹಮಾಲಿ ಮೊದಲ ಮೆಟ್ಟಿಲು. ಆ ಚೀಲ ಸಾಗಿಸುವ ಲಾರಿಯ ಕ್ಲೀನರ್ ಕೆಲಸ ಎರಡನೆಯದು.

ಲಾರಿಗಳು ಬೆಳಗಾವಿ, ಹುಬ್ಬಳ್ಳಿಯಿಂದ ಕಾಯಿಪಲ್ಲೆ, ಉಳ್ಳಾಗಡ್ಡಿ ಹೇರಿಕೊಂಡು ಘಟ್ಟ ಇಳಿದು ಮಡಗಾಂವ್, ವಾಸ್ಕೋ ಪ್ಯಾಟಿಗೆ ಬರುತ್ತಿದ್ದವು. ಹೋಗುವಾಗ ಕಾರ್ಖಾನೆಯ 'ಜೈ ಕಿಸಾನ್' ಗೊಬ್ಬರದ ಚೀಲ. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೂಡಿ ಲಾರಿ ಕಟ್ಟತೊಡಗಿದ್ದರು. ಆ ಒಪ್ಪಂದ 1969ಕ್ಕೇ ಮುಗಿದರೂ ನಮ್ಮ ಡ್ರೈವರುಗಳಿಗೆ ಬಹಳ ಕಾಲ ಅದು 'ಟಾಟಾ ಬೆಂಜ್' ಆಗಿಯೇ ಉಳಿಯಿತು. ಹೊಸದು ಬೇಕೆಂದರೆ ಬುಕ್ ಮಾಡಿ ಕಾಯಬೇಕು, ಮುಂಗಡ ಕಟ್ಟಬೇಕು; ಬ್ಯಾಂಕಿನವರು ನಮ್ಮಂಥವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದರು. ದೊಡ್ಡ ಲಾರಿ ಕಂಪನಿ ಕಟ್ಟಿದ ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರುಮಾಡಿದ ಕಥೆ ನಮ್ಮ ಚಹಾದಂಗಡಿಗಳಲ್ಲಿ ಎಲ್ಲರಿಗೂ ಬಾಯಿಪಾಠ. ಆದರೆ ಅವರದು ಛಾಪಖಾನೆ ನಡೆಸಿದ ಮನೆತನ. ಕೈಯಲ್ಲಿ ಲೈಸೆನ್ಸ್ ಒಂದೇ ಇದ್ದವನಿಗೆ ದಾರಿ ತೋರಿಸಿದ್ದು ಹಳೇ ಗಾಡಿಗೆ ಸಾಲ ಕೊಡುವ ಫೈನಾನ್ಸುಗಳು. 1979ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಶ್ರೀರಾಮ್ ಟ್ರಾನ್ಸ್‌ಪೋರ್ಟ್ ಫೈನಾನ್ಸ್ ಈ ವ್ಯವಹಾರದಿಂದಲೇ ದೊಡ್ಡದಾದ ಸಂಸ್ಥೆ. ಬಡ್ಡಿ ಜಾಸ್ತಿ ಎಂದು ಬೈದುಕೊಂಡೇ ನಮ್ಮ ಪೈಕಿ ಎಷ್ಟೋ ಡ್ರೈವರುಗಳು ಮಾಲೀಕರಾದರು.

ಹಳೇ ಲಾರಿ ಜಾಸ್ತಿ ಇದ್ದಲ್ಲಿ ಕೆಟ್ಟು ನಿಲ್ಲುವ ಲಾರಿಯೂ ಜಾಸ್ತಿ. ಅನಮೋಡ ಘಾಟಿನಲ್ಲಿ ಮಳೆಗಾಲದಲ್ಲಿ ಒಂದು ಗಾಡಿ ನಿಂತರೆ ಹಿಂದಿನವರಿಗೆಲ್ಲ ಅಲ್ಲೇ ಅಡುಗೆ. ಆಗೆಲ್ಲ ಎಳೆಯಲು ಬೇರೆ ಗಾಡಿ ಎಂಬುದು ಇರಲಿಲ್ಲ. ಗುರುತಿನ ಲಾರಿ ಬಂದರೆ ಸರಪಳಿ ಕಟ್ಟಿ ಟೋಚನ್ ಮಾಡಿಕೊಂಡು ಹೋಗುವುದು, ಅಷ್ಟೇ. ಏರಿನಲ್ಲಿ ಸರಪಳಿ ನಡೆಯುತ್ತದೆ. ಇಳಿಜಾರಿನಲ್ಲಿ ಹಿಂದಿನ ಗಾಡಿ ಮುಂದಿನದರ ಬೆನ್ನಿಗೇ ಬಂದು ಗುದ್ದುತ್ತದೆ. ಅಲ್ಲಿ ಕಬ್ಬಿಣದ ದಪ್ಪ ಪೈಪು ಬೇಕು. ಎಂಜಿನ್ ಬಂದಾದ ಗಾಡಿಯನ್ನು ದೂರ ಎಳೆಯುವುದಾದರೆ ಮೊದಲು ಜಾಯಿಂಟ್ ಶಾಫ್ಟ್ ಬಿಚ್ಚಬೇಕು, ಇಲ್ಲವಾದರೆ ಗಾಲಿ ತಿರುಗಿದಂತೆ ಗೇರ್‌ಬಾಕ್ಸು ಎಣ್ಣೆಯಿಲ್ಲದೆ ತಿರುಗಿ ಸುಟ್ಟುಹೋಗುತ್ತದೆ. ಏರ್ ಬ್ರೇಕಿನ ಗಾಡಿಗಳು ಬಂದ ಮೇಲೆ ಇನ್ನೊಂದು ತಾಪತ್ರಯ: ಗಾಳಿ ಇಳಿದರೆ ಹಿಂದಿನ ಬ್ರೇಕು ತಾನಾಗಿಯೇ ಕಚ್ಚಿಕೊಳ್ಳುತ್ತದೆ. ಎಳೆಯುವ ಗಾಡಿಯಿಂದ ಪೈಪು ಹಾಯಿಸಿ ಗಾಳಿ ತುಂಬಬೇಕು. ಇದನ್ನೆಲ್ಲ ಬಲ್ಲವರು ಹೆಚ್ಚಾದಂತೆ ಇದೇ ಒಂದು ಕಸುಬಾಯಿತು.

ಎಳೆಯಲೆಂದೇ ಇಟ್ಟ ಗಾಡಿ ಎಂದು ನಾನು ಮೊದಲು ಕಂಡದ್ದು ದಂಡಿನ ಶಕ್ತಿಮಾನ್. ಜರ್ಮನಿಯ ಮ್ಯಾನ್ ಕಂಪನಿಯಿಂದ ಲೈಸೆನ್ಸ್ ಪಡೆದು ಜಬಲ್ಪುರದಲ್ಲಿ ಕಟ್ಟಿದ ಲಾರಿ ಅದು. ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾಗಿದ್ದಾಗ, 1959ರಲ್ಲಿ, ಮೊದಲ ಗಾಡಿ ಹೊರಬಂತು, 1996ರವರೆಗೂ ಕಟ್ಟಿದರು. ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್ ದಂಡಿಗೆ ಸೇರುತ್ತಿದ್ದಂತೆ ಶಕ್ತಿಮಾನ್‌ಗಳು ಹರಾಜಿಗೆ ಬಂದವು. ನಮ್ಮ ಕಾಕಾ ಒಬ್ಬರು ಬೆಳಗಾವಿಯ ವ್ಯಾಪಾರಿಯಿಂದ ಒಂದನ್ನು ಕೊಂಡು ತಂದರು. ನಂಬರ್ ಪ್ಲೇಟಿನ ಮೇಲೆ ದಂಡಿನ ಬಾಣದ ಗುರುತು ಹಾಗೇ ಇತ್ತು. ಓಣಿಯವರೆಲ್ಲ ಸುತ್ತ ನೆರೆದರು. ಒಬ್ಬ ಅಜ್ಜ, "ಏನಪಾ, ಯುದ್ಧಕ್ಕ ಹೊಂಟೀಯೇನು?" ಅಂದ. ಕಾಕಾ ಬಾನೆಟ್ ತೆಗೆದು ತೋರಿಸುತ್ತ, "ಯುದ್ಧ ಮುಗಿಸಿ ಬಂದೈತಿ ಯಜ್ಜಾ, ಇನ್ನ ದುಡೀತೈತಿ" ಅಂದರು.

ಅದರ ಗುಣ ಎರಡು. ನೆಲದಿಂದ ಬಹಳ ಎತ್ತರ. ಮತ್ತು ಮುಂದಿನ ಗಾಲಿಗೂ ಎಂಜಿನ್ನಿನ ಎಳೆತ. ಇಲ್ಲಿನ ಕೆಂಪು ಮುರಕಲ್ಲಿನ ಮಣ್ಣು ಜೂನ್ ತಿಂಗಳಲ್ಲಿ ಏನಾಗುತ್ತದೆ ಎಂದು ಕಂಡವರಿಗೆ ಇವೆರಡರ ಬೆಲೆ ಗೊತ್ತು. ರಸ್ತೆ ಬಿಟ್ಟು ಗಟಾರಕ್ಕಿಳಿದ ಲಾರಿಯ ಹತ್ತಿರ ಹೋಗಿ ನಿಂತು, ಎಳೆದು, ತಾನೂ ಹೊರಬರುವ ಗಾಡಿ ಅದೊಂದೇ. ಹಿಂದೆ ರೈಲುಹಳಿಯ ತುಂಡುಗಳನ್ನು ವೆಲ್ಡ್ ಮಾಡಿ ತೋಳು ಕಟ್ಟಿದರು, ಕೈಯಿಂದ ಎಳೆಯುವ ಚೈನ್ ಪುಲ್ಲಿ ತೂಗುಹಾಕಿದರು. ಹಿಂದೆ ಭಾರ ಎತ್ತಿದರೆ ಮೂತಿ ಮೇಲೇಳುತ್ತದೆ, ಸ್ಟೇರಿಂಗ್ ಹಗುರಾಗಿ ಗಾಡಿ ಮಾತು ಕೇಳುವುದಿಲ್ಲ. ಅದಕ್ಕೆ ಮುಂದಿನ ಬಂಪರಿನ ಮೇಲೆ ಸಿಮೆಂಟಿನ ದಿಮ್ಮಿ ಕೂರಿಸಿದರು. ನೋಡಲು ಏನೇನೂ ಚೆಂದವಿಲ್ಲ. ಡೀಸೆಲ್ ಕುಡಿಯುವುದಂತೂ ಕೇಳಬೇಡಿ. ಬಿಡಿಭಾಗ ಬೇಕೆಂದರೆ ಇನ್ನೊಂದು ಸತ್ತ ಶಕ್ತಿಮಾನ್ ಹುಡುಕಿಕೊಂಡು ಹೋಗಬೇಕು. ಆದರೂ ಕಾಕಾನ ಮನೆ ನಡೆದದ್ದು ಅದರಿಂದ.

ಈಗಿನ ಹುಡುಗರು ಥಾರ್, ಬೊಲೆರೊಗಳಿಗೆ ದೊಡ್ಡ ಟೈರು ಹಾಕಿಸಿ, ಸ್ಪ್ರಿಂಗಿಗೆ ಪ್ಲೇಟು ಸೇರಿಸಿ ಎತ್ತರಿಸಿಕೊಂಡು ಬಂದು, "ಅಣ್ಣಾ, ಇದ್ರಿಂದ ಏನ್ ಬೇಕಾರ ಎಳೀಬಹುದಲ್ಲಾ?" ಎಂದು ಕೇಳುತ್ತಾರೆ. ಎಳೆಯಲು ಎತ್ತರ ಒಂದೇ ಸಾಲದು. ಕೊಕ್ಕೆ ಮೇಲಿದ್ದು ಕೆಟ್ಟ ಗಾಡಿ ಕೆಳಗಿದ್ದರೆ ಎಳೆತ ಓರೆಯಾಗುತ್ತದೆ, ಬಂಪರು ಕಿತ್ತು ಬರುತ್ತದೆ. ತೂಕ ಮೇಲೇರಿದಷ್ಟೂ ತಿರುವಿನಲ್ಲಿ ಹೊರಳುವ ಭಯ. ಶಕ್ತಿಮಾನ್ ಕಾರ್ಖಾನೆಯಲ್ಲೇ ಎತ್ತರವಾಗಿ ಹುಟ್ಟಿದ್ದು, ಅದರ ಆಕ್ಸಲ್, ಬ್ರೇಕು, ಚಾಸಿ ಎಲ್ಲ ಆ ಲೆಕ್ಕದಲ್ಲೇ ಆದವು. ಮನೆಯಲ್ಲಿ ಎತ್ತರಿಸಿದ್ದಕ್ಕೆ ಆ ಲೆಕ್ಕವಿಲ್ಲ. ಕಂಪನಿ ಕೊಟ್ಟ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದಾಗ ಹುಡುಗರಿಗೆ ಬೇಜಾರಾಯಿತು, ನನಗೆ ಆಗಲಿಲ್ಲ.

ಇನ್ನು ಗಣಿಯ ಮಾತು. ಪೋರ್ಚುಗೀಸರ ಕಾಲದಲ್ಲೇ ಗೋವಾದ ಅದಿರು ಜಪಾನಿಗೆ ಹೋಗುತ್ತಿತ್ತು. ಗಣಿಯಿಂದ ಹೊಳೆಯ ಜೆಟ್ಟಿಯವರೆಗೆ ಲಾರಿ, ಅಲ್ಲಿಂದ ಮಾಂಡವಿ, ಝುವಾರಿ ಹೊಳೆಗಳಲ್ಲಿ ಬಾರ್ಜು, ಕೊನೆಗೆ ಮುರ್ಗಾಂವ್ ಬಂದರದ ಹಡಗು. 2000ದ ನಂತರ ಚೀನಾದ ಹಸಿವು ಹೆಚ್ಚಿತು. ಸಾವರ್ಡೆ, ಕುಡಚಡೆ, ಉಸಗಾಂವ್, ಡಿಚೋಲಿ ರಸ್ತೆಗಳ ಮೇಲೆ ಟಿಪ್ಪರುಗಳದೇ ದರ್ಬಾರು. ಟ್ರಿಪ್ಪಿನ ಲೆಕ್ಕದಲ್ಲಿ ದುಡ್ಡು, ಹಾಗಾಗಿ ಎಲ್ಲರಿಗೂ ಅವಸರ. ಗಾಡಿಗಳ ಮಾಲೀಕರು ಬಹುಪಾಲು ಆ ಹಳ್ಳಿಗಳ ಗೋವೆಯವರೇ; ಸ್ಟೇರಿಂಗ್ ಹಿಡಿದವರಲ್ಲಿ ನಮ್ಮ ಕಡೆಯವರು ಬಹಳ. ನಮ್ಮ ಹುಡುಗರ ಬನಿಯನ್ನು, ತಲೆಗೂದಲು, ಬುತ್ತಿ ಎಲ್ಲ ಕೆಂಪು.

ಅದು ನಿಂತದ್ದು ಒಂದೇ ಏಟಿಗೆ. ಬಳ್ಳಾರಿಯಲ್ಲಿ 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ ಹೊಸಪೇಟೆ, ಸಂಡೂರಿನ ಲಾರಿಗಳು ಮಾರಾಟಕ್ಕೆ ನಿಂತವು. ಇಲ್ಲಿಯವರು ಅದನ್ನು ದೂರದ ಸುದ್ದಿಯಂತೆ ಓದಿದರು. ಅಕ್ರಮ ಗಣಿಗಾರಿಕೆ ತನಿಖೆ ಮಾಡಿದ ಶಾ ಆಯೋಗದ ವರದಿ ಬಂದು, 2012ರ ಸೆಪ್ಟೆಂಬರ್ 10ರಂದು ಗೋವಾ ಸರಕಾರ, ಅಕ್ಟೋಬರ್ 5ರಂದು ಸುಪ್ರೀಂ ಕೋರ್ಟು ತಡೆ ಹಾಕಿದಾಗ ಸರದಿ ಇವರದಾಯಿತು. 2014ರಲ್ಲಿ ತಡೆ ತೆರವಾದರೂ 2018ರ ಫೆಬ್ರುವರಿಯಲ್ಲಿ 88 ಗುತ್ತಿಗೆಗಳನ್ನು ಕೋರ್ಟು ರದ್ದು ಮಾಡಿತು, ಮಾರ್ಚಿನಲ್ಲಿ ಮತ್ತೆ ಎಲ್ಲ ಸ್ತಬ್ಧ. ಅಂಗಳದಲ್ಲಿ ನಿಂತ ಟಿಪ್ಪರುಗಳ ಕ್ಯಾಬಿನ್ನಿನೊಳಗೆ ಬಳ್ಳಿ ಹಬ್ಬಿದ್ದನ್ನು ಕಂಡಿದ್ದೇನೆ. ಕಂತು ಕಟ್ಟಲಾಗದ ಗಾಡಿಗಳು ಫೈನಾನ್ಸಿನ ಯಾರ್ಡು ಸೇರಿದವು. ಘಟ್ಟದ ಮೇಲಿಂದ ಕೊಳ್ಳುವವರು ಬಂದರು. ನಾನೂ ಕೊಂಡೆ. ಗಾಡಿ ಮಾರಿದ ಮನೆಯಾಕೆ ಚಾವಿಯ ಜೊತೆ ಡ್ಯಾಶ್‌ಬೋರ್ಡಿನ ಮೇಲಿದ್ದ ಗಣಪತಿಯನ್ನೂ ಕೊಟ್ಟರು, ವಾಪಸ್ ಕೇಳಲಿಲ್ಲ.

ಟಿಪ್ಪರಿನ ಚಾಸಿ ಎಳೆಯುವ ಗಾಡಿಗೆ ಹೇಳಿ ಮಾಡಿಸಿದ್ದು. ಉದ್ದ ಕಮ್ಮಿ, ಆದ್ದರಿಂದ ಇಕ್ಕಟ್ಟಿನಲ್ಲಿ ತಿರುಗುತ್ತದೆ. ಹಿಂದಿನ ಆಕ್ಸಲ್ಲಿನ ಕ್ರೌನ್ ಗೇರು ನಿಧಾನದ್ದು, ಆದ್ದರಿಂದ ಓಡುವುದು ಕಮ್ಮಿ, ಎಳೆಯುವುದು ಹೆಚ್ಚು. ಹಿಂದಿನ ಸ್ಪ್ರಿಂಗು ದಪ್ಪ. ಆದರೆ ಗಣಿಯ ಗಾಡಿಗೆ ಗಣಿಯ ರೋಗಗಳೂ ಇರುತ್ತವೆ. ಅಳತೆ ಮೀರಿ ಅದಿರು ಹೇರಿದ ಚಾಸಿ ಜ್ಯಾಕು ಕೂರುವ ಕಡೆ ಸೀಳಿರುತ್ತದೆ. ಮೇಲೆ ಪಟ್ಟಿ ಬೆಸೆದು ಬಣ್ಣ ಬಳಿದಿರುತ್ತಾರೆ. ನಾನು ಗಾಡಿ ನೋಡಲು ಹೋದರೆ ಮೊದಲು ಅಡಿಗೆ ನುಗ್ಗಿ ಮಲಗುತ್ತೇನೆ, ಸುತ್ತಿಗೆಯಿಂದ ಉದ್ದಕ್ಕೂ ಬಡಿಯುತ್ತ ಹೋಗುತ್ತೇನೆ. ಸೀಳಿದ ಕಡೆ ದನಿ ಬದಲಾಗುತ್ತದೆ. ಆಮೇಲೆ ಎಂಜಿನ್. ಅದನ್ನು ಬೆಳಗ್ಗೆ ತಣ್ಣಗಿದ್ದಾಗಲೇ ಶುರುಮಾಡಿಸಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಎದ್ದು ಬಂದುಬಿಡಿ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಬಂದರೆ ಬ್ಯಾಕ್ ಕಂಪ್ರೆಷನ್. ಪಿಸ್ಟನ್, ಲೈನರ್ ಹೋಗಿವೆ ಎಂದರ್ಥ. ಎಂಜಿನ್ ಕೆಟ್ಟರೆ ಕಟ್ಟಿಸಬಹುದು. ಚಾಸಿ ಸೀಳಿದ್ದರೆ ಉಚಿತವಾಗಿ ಕೊಟ್ಟರೂ ಬೇಡ.

ಇಂಥ ಗಾಡಿಗಳಿಗೆ ಇಲ್ಲಿ ಕೆಲಸ ಕಮ್ಮಿಯಾಗಿಲ್ಲ. ಬಂದರದಿಂದ ಹೊರಟ ಅಮೋನಿಯಾ ಟ್ಯಾಂಕರ್ 2018ರ ಜನವರಿಯಲ್ಲಿ ಚಿಕಲಿಂ ಬಳಿ ಮಗುಚಿಬಿದ್ದು ಅನಿಲ ಸೋರಿದಾಗ ಊರವರನ್ನು ಬೆಳಗಾಗುವ ಮೊದಲೇ ಮನೆ ಬಿಡಿಸಬೇಕಾಯಿತು. ಅಂಥದ್ದನ್ನು ಎತ್ತುವುದು ನಮ್ಮ ಕೈಯಳತೆ ಮೀರಿದ ಕೆಲಸ, ಅದಕ್ಕೆ ದೊಡ್ಡ ಕ್ರೇನುಗಳೇ ಬೇಕು. ನಮ್ಮ ಪಾಲಿಗೆ ಬರುವುದು ತರಕಾರಿ ಲಾರಿ, ಗೊಬ್ಬರದ ಲಾರಿ, ಟೂರಿಸ್ಟ್ ಬಸ್ಸು. 2022ರ ಡಿಸೆಂಬರಿನಲ್ಲಿ ಹೊಸ ಝುವಾರಿ ಸೇತುವೆ ತೆರೆದ ಮೇಲೆ ಉತ್ತರ ಗೋವಾದ ಕರೆಗಳೂ ಬರತೊಡಗಿವೆ.

ಆದರೆ ಹಳೇ ಗಾಡಿ ಸಿಗುವ ದಾರಿಗಳು ಒಂದೊಂದೇ ಮುಚ್ಚುತ್ತಿವೆ. ಹದಿನೈದು ವರ್ಷ ದಾಟಿದ ಸರಕಾರಿ ಗಾಡಿಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವಂತಿಲ್ಲ; ಅವು ಗುಜರಿ ಕೇಂದ್ರಕ್ಕೇ ಹೋಗಬೇಕು. ಸೇನಾ ಕಾರ್ಯಾಚರಣೆಯ ವಿಶೇಷ ಗಾಡಿಗಳಿಗೆ ವಿನಾಯಿತಿ ಉಂಟು. ಮುಂದಿನ ಕಾಕಾಗಳಿಗೆ ಸರಕಾರಿ ಹರಾಜಿನ ಭಾಗ್ಯ ಅಷ್ಟಾಗಿ ಇಲ್ಲ. ಉಳಿದದ್ದು ಖಾಸಗಿಯವರ ಟಿಪ್ಪರುಗಳು.

ಹಾಗಾಗಿ ನಮ್ಮ ಕಡೆಯಿಂದ ಹೊಸದಾಗಿ ಈ ಕಸುಬಿಗೆ ಇಳಿಯುವ ತಮ್ಮಂದಿರಿಗೆ ಒಂದು ಮಾತು. ಗಾಡಿ ಮೇಲೆ ಸಾಲವಿತ್ತೆಂದರೆ ಫೈನಾನ್ಸಿನವರು ಸಹಿ ಮಾಡಿದ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಕೆಎ ನಂಬರಿನ ಗಾಡಿಯನ್ನು ಇಲ್ಲಿಗೆ ತರುವುದಾದರೆ ಫಾರ್ಮ್ 28ರ ಎನ್‌ಒಸಿ ಅಲ್ಲಿಂದಲೇ ತನ್ನಿ, ಬಾಕಿ ಟ್ಯಾಕ್ಸು, ಚಲನ್ ಮಾರುವವನೇ ತೀರಿಸಲಿ. ಟಿಪ್ಪರಿಗೆ ಕ್ರೇನ್ ಕೂರಿಸುವ ಮೊದಲು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಿ. ಅದಿಲ್ಲದೆ ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದು ಆ ಬರಹವನ್ನೇ.