ಯೂನಿಕ್ಸ್ ಗಣಕದ ‘ಸಿಂಕ್’ ಆದೇಶ: ಒಂದು ವಾಡಿಕೆಯ ಮೂಲವಿಚಾರ

ಯೂನಿಕ್ಸ್ ವರ್ಗದ ಗಣಕಯಂತ್ರವನ್ನು ನಿಲ್ಲಿಸುವ ಅಥವಾ ಮರಳಿ ಪ್ರಾರಂಭಿಸುವ ಮುನ್ನ ‘ಸಿಂಕ್’ ಎಂಬ ಆದೇಶವನ್ನು ಮೂರು ಸಲ ಕೊಡಬೇಕೆಂಬ ವಾಡಿಕೆಯೊಂದು ಹಳೆಯ ನಿರ್ವಾಹಕರಲ್ಲಿ ರೂಢಿಯಲ್ಲಿತ್ತು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರುಂಟು. ಲಿಖಿತ ಆಧಾರಗಳನ್ನು ಪರಿಶೀಲಿಸಿದರೆ ಈ ತೀರ್ಮಾನ ಅವಸರದ್ದೆಂದು ನಮಗೆ ತೋರುತ್ತದೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಆರಂಭಿಸಿದ ಈ ವ್ಯವಸ್ಥೆಯು 1970ರ ದಶಕದಲ್ಲಿ ತಳೆದ ರೂಪದಲ್ಲಿ, ಬರೆದ ಮಾಹಿತಿ ಒಡನೆಯೇ ಡಿಸ್ಕನ್ನು ಸೇರುತ್ತಿರಲಿಲ್ಲ. ಡಿಸ್ಕಿನ ಗತಿ ಮಂದವಾದುದರಿಂದ ಅದನ್ನು ಮೊದಲು ಸ್ಮೃತಿಯ ‘ಬಫರ್’ಗಳಲ್ಲಿರಿಸಿ, ಅನುಕೂಲ ನೋಡಿ ಡಿಸ್ಕಿಗೆ ಸಾಗಿಸಲಾಗುತ್ತಿತ್ತು. ಅಂಗಡಿಯವನು ವ್ಯಾಪಾರವನ್ನು ಚೀಟಿಯಲ್ಲಿ ಗುರುತುಹಾಕಿಕೊಂಡು ಸಂಜೆ ಖಾತೆಗೆ ಏರಿಸುವ ರೀತಿ ಇದು. ನಡುವೆ ಚೀಟಿ ಕಳೆದರೆ ಲೆಕ್ಕವೂ ಹೋಯಿತು. 1978ರ ಬೆಲ್ ಸಿಸ್ಟಂ ಟೆಕ್ನಿಕಲ್ ಜರ್ನಲ್‌ನಲ್ಲಿ ಥಾಂಪ್ಸನ್ನರೇ ಈ ದೋಷವನ್ನು ಮರೆಮಾಚದೆ ಒಪ್ಪಿಕೊಂಡಿದ್ದಾರೆ. ಬಫರುಗಳನ್ನು ಆಗಾಗ ಬರಿದುಮಾಡುವುದರಿಂದ ಸಹಾಯವಾದೀತೇ ಹೊರತು ಸಮಸ್ಯೆ ಪರಿಹಾರವಾಗದೆಂಬುದು ಅವರ ಅಭಿಪ್ರಾಯ. ಹಾಗೆ ಬರಿದುಮಾಡಿಸುವ ಆದೇಶವೇ ಸಿಂಕ್. 1979ರ ಏಳನೆಯ ಆವೃತ್ತಿಯಲ್ಲಿ ‘ಅಪ್‌ಡೇಟ್’ ಎಂಬ ಕಾರ್ಯಕ್ರಮವು ಪ್ರತಿ 30 ಸೆಕೆಂಡಿಗೊಮ್ಮೆ ಅದನ್ನು ನಡೆಸುತ್ತಿತ್ತು.

ಮೂರು ಸಲವೇಕೆ? ಸಿಂಕ್ ಮರಳಿದಾಗ ಬರವಣಿಗೆ ನಿಗದಿಯಾಗಿರುತ್ತದೆ, ಮುಗಿದೇ ಇರಬೇಕೆಂದಿಲ್ಲ ಎಂದು ಅದೇ ಆವೃತ್ತಿಯ ಕೈಪಿಡಿ ಎಚ್ಚರಿಸುತ್ತದೆ. ಆದೇಶವನ್ನು ಒಂದೊಂದಾಗಿ ಮೂರು ಸಾಲುಗಳಲ್ಲಿ ಒತ್ತುವಷ್ಟರಲ್ಲಿ ಡಿಸ್ಕಿಗೆ ಕಾಲಾವಕಾಶ ದೊರೆಯುತ್ತಿತ್ತು. ವಾಡಿಕೆಯ ಮರ್ಮ ಇದೇ ಎಂದು ನಾವು ಭಾವಿಸುತ್ತೇವೆ. ಮೂರನ್ನೂ ಒಂದೇ ಸಾಲಿನಲ್ಲಿ ಬರೆದು ಮುಗಿಸಿದ ತರುಣರು ಆಚಾರವನ್ನುಳಿಸಿಕೊಂಡು ಅರ್ಥವನ್ನು ಕೈಬಿಟ್ಟರು. ಇಂದಿನ ಲಿನಕ್ಸ್‌ನಲ್ಲಾದರೋ ಬರವಣಿಗೆ ಮುಗಿಯುವವರೆಗೆ ಸಿಂಕ್ ಕಾಯುವುದರಿಂದ ಒಂದೇ ಸಲ ಸಾಕು.

ಆದರೆ ಇದೇ ಸಿಂಕ್ ಹಾನಿಕಾರಕವಾಗುವ ಸಂದರ್ಭವೂ ಇತ್ತು. ವಾಡಿಕೆಯನ್ನು ಕಣ್ಣುಮುಚ್ಚಿ ಪಾಲಿಸಿದವರು ಎಡವಿದುದು ಇಲ್ಲಿಯೇ. ಯಂತ್ರ ಹಠಾತ್ತನೆ ನಿಂತ ತರುವಾಯ ಕಡತವ್ಯವಸ್ಥೆಯನ್ನು ಪರೀಕ್ಷಿಸಿ ಸರಿಪಡಿಸಲು ಕೊವಾಲ್ಸ್ಕಿಯವರು ರಚಿಸಿದ ‘ಎಫ್‌ಎಸ್‌ಸಿಕೆ’ ಕಾರ್ಯಕ್ರಮವು ಮೂಲ ಕಡತವ್ಯವಸ್ಥೆಯನ್ನೇ ತಿದ್ದಿದಾಗ, ಸಿಂಕ್ ಮಾಡದೆ ಮರುಪ್ರಾರಂಭಿಸಬೇಕೆಂದು ತೆರೆಯ ಮೇಲೆ ದೊಡ್ಡಕ್ಷರಗಳಲ್ಲಿ ಸೂಚಿಸುತ್ತಿತ್ತು. ಕಾರಣ ಸ್ಪಷ್ಟ. ತಿದ್ದುಪಡಿಯಾದದ್ದು ಡಿಸ್ಕಿನಲ್ಲಿ, ಸ್ಮೃತಿಯಲ್ಲಿ ಉಳಿದಿದ್ದುದು ಹಳೆಯ ಪ್ರತಿ. ಸಿಂಕ್ ಮಾಡಿದೊಡನೆ ಆ ಹಳೆಯದು ಹೊಸದನ್ನು ಅಳಿಸಿ ಕುಳಿತುಕೊಳ್ಳುತ್ತಿತ್ತು.

ತರುವಾಯ ‘ಷಟ್‌ಡೌನ್’ ಆದೇಶವೇ ಕಾರ್ಯಕ್ರಮಗಳನ್ನು ನಿಲ್ಲಿಸಿ, ಬಫರುಗಳನ್ನು ಬರಿದುಮಾಡಿ, ಡಿಸ್ಕುಗಳನ್ನು ಬೇರ್ಪಡಿಸುವ ಹೊಣೆ ಹೊತ್ತಿತು. ಯಂತ್ರ ಸ್ತಬ್ಧಗೊಂಡು ಯಾವ ಆದೇಶಕ್ಕೂ ಓಗೊಡದಿದ್ದಾಗ, ಸೌಲಭ್ಯವನ್ನು ಮುಂಚೆಯೇ ತೆರೆದಿಟ್ಟಿದ್ದರೆ, ಲಿನಕ್ಸ್‌ನಲ್ಲಿ ಆಲ್ಟ್ ಮತ್ತು ಸಿಸ್‌ರಿಕ್ ಕೀಲಿಗಳೊಡನೆ ಎಸ್, ಯು, ಬಿ ಅಕ್ಷರಗಳನ್ನು ಇದೇ ಕ್ರಮದಲ್ಲಿ, ನಡುವೆ ಕೆಲವು ಕ್ಷಣ ತಡೆದು, ಒತ್ತುವುದುಂಟು: ಮೊದಲನೆಯದು ಸಿಂಕ್, ಎರಡನೆಯದು ಡಿಸ್ಕಿಗೆ ಬರೆಯುವುದರ ನಿಷೇಧ, ಕೊನೆಯದು ಮರುಪ್ರಾರಂಭ. 2001ರಲ್ಲಿ ಲಿನಕ್ಸ್‌ನೊಳಗೆ ಸೇರಿದ ‘ಎಕ್ಸ್‌ಟ್3’ ಮುಂತಾದ ದಿನಚರಿ ಸಹಿತ ಕಡತವ್ಯವಸ್ಥೆಗಳು ಮಾಡಬೇಕಾದ ಮಾರ್ಪಾಟನ್ನು ಮೊದಲೇ ಬರೆದಿಟ್ಟುಕೊಳ್ಳುವುದರಿಂದ, ವಿದ್ಯುತ್ತು ಹೋದರೂ ವ್ಯವಸ್ಥೆಯ ಚೌಕಟ್ಟು ಉಳಿಯುತ್ತದೆ. ಬಫರಿನಲ್ಲಿಯೇ ಉಳಿದಿದ್ದ ಬರಹ ಮಾತ್ರ ಇಂದಿಗೂ ಹೋಗುತ್ತದೆ.